ಅಪ್‌ಡೇಟ್ ಮಾಡಿದರೂ ಲಿಬ್‌ವೆಬ್‌ಪಿ ಎಚ್ಚರಿಕೆ ಹೋಗುತ್ತಿಲ್ಲವೇ?

ಉಡುಪಿಯ ಸ್ಟುಡಿಯೋ ನಡೆಸುವ ನೀವು ಕೇಳಿದ್ದು ಇದು: ಉಬುಂಟುವಿನ ಲಿಬ್‌ವೆಬ್‌ಪಿ (ವೆಬ್‌ಪಿ ಫೋಟೋಗಳನ್ನು ತೆರೆಯುವ ಲೈಬ್ರರಿ) ಅಪ್‌ಡೇಟ್ ಆದ ಮೇಲೂ ಫೋಟೋ ಅಪ್‌ಲೋಡ್ ಸೈಟಿನಲ್ಲಿ ಭದ್ರತಾ ಸ್ಕ್ಯಾನರ್ ಸಿವಿಇ-2023-4863 (ಆ ಲೈಬ್ರರಿಯ ಭದ್ರತಾ ದೋಷದ ಗುರುತಿನ ಸಂಖ್ಯೆ) ತೋರಿಸುತ್ತಿದೆ, ಯಾಕೆ? ಕಾರಣ ಹೆಚ್ಚಾಗಿ ಪೈಥಾನಿನ ಫೋಟೋ ಲೈಬ್ರರಿ ಪಿಲ್ಲೋ. ಪೈಥಾನಿನ ಇನ್‌ಸ್ಟಾಲರ್ ಪಿಪ್‌ನಿಂದ ಹಾಕಿದ ಪಿಲ್ಲೋ ತನ್ನದೇ ಲಿಬ್‌ವೆಬ್‌ಪಿ ಹೊತ್ತು ತರುತ್ತದೆ. ಉಬುಂಟುವಿನ ಅಪ್‌ಡೇಟ್ ಸಾಧನ ಆಪ್ಟ್ ಅದನ್ನು ಮುಟ್ಟುವುದೇ ಇಲ್ಲ.

ಸೈಟ್ ಓಡುವ ವರ್ಚುವಲ್ ಎನ್ವಿರಾನ್‌ಮೆಂಟ್ (ಸೈಟಿಗೆಂದೇ ಇರುವ ಪ್ರತ್ಯೇಕ ಪೈಥಾನ್ ಜಾಗ) ಒಳಗೇ ಪಿಲ್ಲೋ ಆವೃತ್ತಿ ನೋಡಿ. 10.0.1ಕ್ಕಿಂತ ಹಳೆಯದಾದರೆ ಅಪ್‌ಗ್ರೇಡ್ ಮಾಡಿ. ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಹಳೆಯ ಕೋಡೇ ಓಡುತ್ತಿರುತ್ತದೆ. ಡಾಕರ್ (ಸೈಟನ್ನು ಕಂಟೇನರ್ ಒಳಗೆ ಓಡಿಸುವ ಸಾಧನ) ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇದ್ದರೆ ಡಾಕರ್ ಇಮೇಜನ್ನೇ ಹೊಸದಾಗಿ ಬಿಲ್ಡ್ ಮಾಡಿ.

ಸುಮ್ನೆ ಮುಂದೂಡಬೇಡಿ. ಇದು ಹೀಪ್ ಬಫರ್ ಓವರ್‌ಫ್ಲೋ, ಅಂದರೆ ಮೆಮೊರಿಯಲ್ಲಿ ಮೀಸಲಿಟ್ಟ ಜಾಗ ಮೀರಿ ಡೇಟಾ ಬರೆಯುವ ದೋಷ. ದಾಳಿ ಮಾಡಲು ಬೇಕೆಂದೇ ಕೆಡಿಸಿದ ಒಂದು ಫೋಟೋ ಸಾಕು. ಮದುವೆ ಸೀಸನ್ನಿನಲ್ಲಿ ಯಾರ್‍ಯಾರದೋ ಫೋಟೋ ಬರುತ್ತವೆ ಅಲ್ವಾ? ಅಪ್‌ಗ್ರೇಡ್ ತಡವಾಗುವುದಾದರೆ ವೆಬ್‌ಪಿ ನಿಲ್ಲಿಸಿ. ಫೈಲ್ ಹೆಸರು ನೋಡಿ ತಡೆದರೆ ಸಾಲದು, ಪಿಲ್ಲೋ ಫೈಲಿನ ಒಳಗಿನ ಡೇಟಾ ನೋಡಿ ತೆರೆಯುತ್ತದೆ. ಫೋಟೋ ಓಪನ್ ಮಾಡುವ ಸಾಲಿನ ಫಾರ್ಮ್ಯಾಟ್ಸ್ ಪಟ್ಟಿಯಲ್ಲಿ ಜೆಪೆಗ್, ಪಿಎನ್‌ಜಿ ಮಾತ್ರ ಕೊಡಿ.