ಓದುಗರ ಪ್ರಶ್ನೆ: ಕೆಂಪು ಗೆರೆಯೊಳಗಿನ ಚಿನ್ನ

ಮಳೆ ಶುರುವಾದ್ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡೆಂಗಿ, ಟೆಸ್ಟು, ಕಿಟ್ಟು ಇವೇ, ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ಮಗನಿಗೆ ಜ್ವರ ಬಂದ ಆರನೇ ದಿನ ಡೆಂಗಿ ಕಾರ್ಡ್ ಟೆಸ್ಟ್ ಮಾಡಿಸಿದ್ವಿ. ಎನ್‌ಎಸ್1 ನೆಗೆಟಿವ್, ಐಜಿಎಂ ಹತ್ರ ತೆಳ್ಳಗೆ ಒಂದು ಕೆಂಪು ಗೆರೆ. ಲ್ಯಾಬ್ ಹುಡುಗ "ಡೌಟು" ಅಂತಾನೆ. ಪೇಪರ್‌ನಲ್ಲಿ ನೋಡಿದ್ರೆ ನ್ಯಾನೋ ಸೆನ್ಸರ್ ಅಂತ ಬಂದಿದೆಯಂತೆ, ಬೆಳಕಲ್ಲೇ ವೈರಸ್ ಕಂಡುಹಿಡಿಯತ್ತಂತೆ. ಅದನ್ನ ಎಲ್ಲಿ ಮಾಡಿಸ್ಬೇಕು? (ಗೃಹಿಣಿ, ತುಮಕೂರು)

ಉತ್ತರ: ಮಾಡಿಸಿ ಆಗಿದೆಯಲ್ಲಮ್ಮ! ಆ ಕೆಂಪು ಗೆರೆ ಇಂಕಲ್ಲ, ಬಹಳಷ್ಟು ಕಾರ್ಡುಗಳಲ್ಲಿ ಅದು ಚಿನ್ನ. ಬಳೆಯಲ್ಲಿ, ಸರದಲ್ಲಿ ಹಳದಿಯಾಗಿರೋ ಚಿನ್ನಾನ 40 ನ್ಯಾನೋಮೀಟರ್ ಆಸುಪಾಸಿನ ಕಣ ಮಾಡಿ ನೀರಲ್ಲಿ ತೇಲಿಸಿದ್ರೆ ಪುನರ್ಪುಳಿ ಶರಬತ್ತಿನ ಬಣ್ಣ ಬರತ್ತೆ (ತಲೆಕೂದಲ ದಪ್ಪ ಸುಮಾರು 80,000 ನ್ಯಾನೋಮೀಟರ್, ಲೆಕ್ಕ ಹಾಕ್ಕೊಳ್ಳಿ). ಕಣದೊಳಗಿನ ಎಲೆಕ್ಟ್ರಾನ್‌ಗಳು ಬೆಳಕು ಬಿದ್ದಾಗ ಉಯ್ಯಾಲೆ ಥರ ತೂಗ್ತವೆ, ಸರಿಯಾದ ಹೊತ್ತಿಗೆ ತಳ್ಳಿದ್ರೆ ಉಯ್ಯಾಲೆ ಜೋರಾಗತ್ತಲ್ಲ, ಹಾಗೆ ಇವಕ್ಕೆ ಸರಿಹೊಂದೋದು 520 ನ್ಯಾನೋಮೀಟರ್ ಹತ್ತಿರದ ಹಸಿರು ಬೆಳಕು, ಅದನ್ನ ನುಂಗ್ಬಿಡ್ತವೆ, ನಮ್ಮ ಕಣ್ಣಿಗೆ ಉಳಿಯೋದು ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ಚಿನ್ನದ ನೀರು ಮಾಡಿ ತೋರಿಸಿದ್ದ, ಅವನ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇನ್ನೂ ಇದಾವೆ.

ಎನ್‌ಎಸ್1 ಅಂದ್ರೆ ಡೆಂಗಿ ವೈರಸ್ಸಿನ ಒಂದು ಪ್ರೋಟೀನ್, ಕಾರ್ಡಲ್ಲಿ ಈ ಕಣಗಳ ಮೈಗೆ ಅದನ್ನ ಹಿಡಿಯೋ ಆಂಟಿಬಾಡಿ ಅಂಟಿಸಿರ್ತಾರೆ. ಪ್ರೋಟೀನ್ ಸಿಕ್ರೆ ಕಣ ಅದನ್ನ ಹೊತ್ಕೊಂಡು ಮುಂದಕ್ಕೆ ಹೋಗತ್ತೆ, ಗೆರೆ ಇರೋ ಕಡೆ ಇನ್ನೊಂದು ಆಂಟಿಬಾಡಿ ಕಾಯ್ತಾ ಕೂತಿರತ್ತೆ, ಅಲ್ಲಿ ಕಣಗಳ ಜಾತ್ರೆ ಸೇರಿದಾಗ ಗೆರೆ ಕಾಣ್ಸತ್ತೆ. ಆದ್ರೆ ಆರನೇ ದಿನಕ್ಕೆ ಎನ್‌ಎಸ್1 ಇಳಿದುಹೋಗಿರಬಹುದು, ಹಿಂದೆ ಒಂದ್ಸಲ ಡೆಂಗಿ ಬಂದಿದ್ರೆ ಇನ್ನೂ ಬೇಗ. ಐಜಿಎಂ ಅನ್ನೋದು ವೈರಸ್ಸಿನದ್ದಲ್ಲ, ಮಗನ ಮೈಯೇ ಮಾಡ್ಕೊಂಡ ಆಂಟಿಬಾಡಿ, ಅದು ಏಳೋದೇ ನಾಕೈದು ದಿನ ಆದ್ಮೇಲೆ. ಹಾಗಾಗಿ ನಿಮ್ಮ ರಿಸಲ್ಟಲ್ಲಿ ವಿಚಿತ್ರ ಏನಿಲ್ಲ. ಕಿಟ್‌ನಲ್ಲಿ ಬರೆದ ಟೈಮಿನೊಳಗೆ ಮೂಡಿದ್ದಾದ್ರೆ ತೆಳ್ಳಗಿದ್ರೂ ಗೆರೆ ಗೆರೆನೇ, ಅರ್ಧ ಗಂಟೆ ಬಿಟ್ಟು ನೋಡಿದ್ದಾದ್ರೆ ನಂಬೋಕಾಗಲ್ಲ. ಎಲೈಸಾ (ಲ್ಯಾಬಲ್ಲಿ ಮಾಡೋ, ಕಾರ್ಡಿಗಿಂತ ನಂಬಬಹುದಾದ ರಕ್ತಪರೀಕ್ಷೆ) ಮಾಡಿಸಿ ಖಾತ್ರಿ ಮಾಡ್ಕೊಳ್ಳಿ, 2024ರಲ್ಲಿ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಇದಕ್ಕೆ 300 ರೂಪಾಯಿ ಮಿತಿ ಹಾಕಿತ್ತು. ಗೆರೆ ವಿಷಯ ಆಮೇಲೆ, ಹೊಟ್ಟೆನೋವು, ವಾಂತಿ, ಸುಸ್ತು ಇದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನಾನೇ ಡೆಂಗಿಯಲ್ಲಿ ಜಾಸ್ತಿ ಹುಷಾರಾಗಿರ್ಬೇಕಾದ್ದು.

ಪ್ರಶ್ನೆ: ಬಣ್ಣ ಬದಲಾಗೋ ಕೊರೊನಾ ಟೆಸ್ಟ್ ಅಂತ ಒಂದು ಇತ್ತಲ್ವಾ, ಅದೂ ಇದೇನಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು)

ಉತ್ತರ: ಅದೇ ಚಿನ್ನ, ಬೇರೆ ಆಟ. ಕಣಗಳು ದೂರ ದೂರ ಇದ್ರೆ ಕೆಂಪು, ಒಂದಕ್ಕೊಂದು ಅಂಟ್ಕೊಂಡ್ರೆ ನೀಲಿ ಕಡೆ ತಿರುಗತ್ತೆ. 2020ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟಿಯ ದೀಪಾಂಜನ್ ಪಾನ್ ತಂಡ ಕಣಗಳಿಗೆ ಕೊರೊನಾ ವೈರಸ್ಸಿನ ಎನ್ ಜೀನ್‌ಗೆ ಹೊಂದೋ ಡಿಎನ್‌ಎ ತುಣುಕು ಕಟ್ಟಿ, ವೈರಸ್ಸಿನ ಆರ್‌ಎನ್‌ಎ ಇದ್ರೆ ಹತ್ತು ನಿಮಿಷದಲ್ಲಿ ಬಣ್ಣ ಬದಲಾಗೋ ಹಾಗೆ ಮಾಡಿತ್ತು. ಅದೇ ವರ್ಷ ಜ್ಯೂರಿಚ್‌ನವರು ಗಾಜಿನ ಮೇಲೆ ಚಿನ್ನದ ಪುಟ್ಟ ಪುಟ್ಟ ದ್ವೀಪ ಮಾಡಿ, ಅವಕ್ಕೂ ಇಂಥದೇ ಡಿಎನ್‌ಎ ತುಣುಕು ಕಟ್ಟಿ, ಬೆಳಕಲ್ಲೇ ಅವನ್ನ ಸ್ವಲ್ಪ ಬಿಸಿನೂ ಮಾಡಿದ್ರು. ಬಿಸಿಗೆ ಅರೆಬರೆ ಹೊಂದಿಕೆ ಇರೋ ಆರ್‌ಎನ್‌ಎ ಬಿಟ್ಕೊಳ್ಳತ್ತೆ, ಸರಿಯಾಗಿ ಹೊಂದಿದ್ದು ಮಾತ್ರ ಉಳಿಯತ್ತೆ, ಹೀಗಾಗಿ ಕೋವಿಡ್ ವೈರಸ್ಸನ್ನ ಅದರ ದಾಯಾದಿ ಹಳೇ ಸಾರ್ಸ್ ವೈರಸ್ಸಿಂದ ಬೇರೆ ಮಾಡಬಹುದು. ನನಗೆ ಈ ಬಿಸಿ ಮಾಡೋ ಉಪಾಯ ಬಣ್ಣಕ್ಕಿಂತ ಜಾಸ್ತಿ ಇಷ್ಟ ಆಯ್ತು.

ಪ್ರಶ್ನೆ: ನಮ್ಮ ಗೋಲಗುಮ್ಮಟಕ್ಕೂ ವೈರಸ್ ಟೆಸ್ಟಿಗೂ ಸಂಬಂಧ ಐತಿ ಅಂತ ಮಗಳ ಫಿಜಿಕ್ಸ್ ಸರ್ ಕ್ಲಾಸಿನ್ಯಾಗ ಹೇಳಿದ್ರಂತ್ರಿ. ಖರೇನ ಇದು, ಇಲ್ಲಾ ಸುಮ್ನ ಹೇಳ್ಯಾರೋ? (ಕಿರಾಣಿ ವ್ಯಾಪಾರಿ, ವಿಜಯಪುರ)

ಉತ್ತರ: ಖರೇನ ರೀ! ಆ ಸರ್‌ಗೆ ನನ್ನ ನಮಸ್ಕಾರ ಹೇಳ್ರಿ. ಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರೆ ಮಾತು ನಡುವೆ ಹಾರಿ ಹೋಗಿ ಕಳೆದುಹೋಗಲ್ಲ, ಗೋಡೆ ಹಿಡ್ಕೊಂಡೇ ಸುತ್ತಿ ಆಚೆ ಬದಿಗೆ ಮುಟ್ಟತ್ತೆ, ಅಡ್ಡಳತೆ ಸುಮಾರು 38 ಮೀಟರ್ ಇದ್ರೂ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಲ್ಲಿ ಹೀಗಾಗೋದನ್ನ ಲಾರ್ಡ್ ರ್‍ಯಾಲೇ ವಿವರಿಸಿದ್ದ, ನಮ್ಮ ಸಿ.ವಿ. ರಾಮನ್ 1922ರಲ್ಲಿ ಇಂಥ ಕಟ್ಟಡಗಳ ಬಗ್ಗೆ ಬರೆದಾಗ ಗೋಲಗುಮ್ಮಟನೂ ಅದರಲ್ಲಿತ್ತು.

ಈಗ ಗುಮ್ಮಟದ ಬದಲು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಗಾಜಿನ ಗೋಲಿ, ಮಾತಿನ ಬದಲು ಲೇಸರ್ ಬೆಳಕು. ಬೆಳಕು ಗೋಲಿಯ ಒಳಮೈ ಹಿಡ್ಕೊಂಡು ಸುತ್ತತ್ತೆ. ಸುತ್ತಳತೆಗೆ ಸರಿಯಾಗಿ ಇಷ್ಟೇ ಅಲೆ ಅಂತ ಕೂರೋ ಬಣ್ಣ ಮಾತ್ರ ಒಳಗೆ ನಿಲ್ಲತ್ತೆ. ಹೊರಮೈಗೆ ಒಂದು ವೈರಸ್ ಬಂದು ಅಂಟಿದ್ರೆ ಬೆಳಕಿನ ದಾರಿ ಕೂದಲೆಳೆಯ ಲಕ್ಷದಲ್ಲೊಂದು ಪಾಲಿಗಿಂತ ಕಮ್ಮಿ ಉದ್ದ ಆಗತ್ತೆ, ಆದ್ರೆ ಬೆಳಕು ಮತ್ತೆ ಮತ್ತೆ ಸುತ್ತಿ ಪ್ರತಿ ಸಲ ಅದೇ ವೈರಸ್ಸನ್ನ ಸವರ್ಕೊಂಡು ಹೋಗೋದ್ರಿಂದ ಆ ಚೂರು ವ್ಯತ್ಯಾಸನೂ ಲೆಕ್ಕಕ್ಕೆ ಸಿಗತ್ತೆ, ಒಳಗೆ ಕೂರೋ ಬಣ್ಣ ಒಂದು ಮೆಟ್ಟಿಲು ಸರಿಯತ್ತೆ. 2008ರಲ್ಲಿ ಫ್ರಾಂಕ್ ವೋಲ್ಮರ್, ಸ್ಟೀಫನ್ ಆರ್ನಲ್ಡ್ ಮತ್ತು ಜೊತೆಯವರು ಹೀಗೆ ಒಂದೊಂದೇ ಫ್ಲೂ ವೈರಸ್ ಎಣಿಸಿದ್ರು. 2012ರಲ್ಲಿ ಆರ್ನಲ್ಡ್ ತಂಡ ಗೋಲಿಗೆ ಚಿನ್ನದ ಲೇಪದ ಪುಟ್ಟ ಕಣ ಕೂರಿಸಿ 27 ನ್ಯಾನೋಮೀಟರ್ ಆಸುಪಾಸಿನ, ಎಂಎಸ್2 ಅನ್ನೋ ಪುಟಾಣಿ ವೈರಸ್ಸನ್ನೂ ಹಿಡೀತು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಒಂದೇ ಒಂದು ವೈರಸ್ ಹಿಡಿಯೋ ಯಂತ್ರ ಇದ್ರೆ ನಮ್ಮಲ್ಲಿ ಮಂಗನ ಕಾಯಿಲೆಗೆ ಯಾಕೆ ಕೊಡಲ್ಲ? ಈಗಲೂ ರಕ್ತ ಶಿವಮೊಗ್ಗಕ್ಕೆ ಕಳಿಸಿ ಕಾಯ್ತೀವಿ. (ತೀರ್ಥಹಳ್ಳಿ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಕ್ಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಕಾಯಿಲೆ, ಇಷ್ಟು ವರ್ಷ ಆಯ್ತು. ಆದ್ರೆ ಮೇಲಿನ ಗಾಜಿನ ಗೋಲಿ ವೈರಸ್ ಎಣಿಸಿದ್ದು ಶುದ್ಧ ಉಪ್ಪುನೀರಲ್ಲಿ. ಉಣುಗು ಕಚ್ಚಿ ಜ್ವರ ಬಂದವರ ರಕ್ತದಲ್ಲಿ ಒಂದು ವೈರಸ್ಸಿಗೆ ಕೋಟ್ಯಂತರ ಬೇರೆ ಪ್ರೋಟೀನ್ ಇರ್ತವೆ, ಅವೂ ಹೋಗಿ ಚಿನ್ನಕ್ಕೋ ಗಾಜಿಗೋ ಅಂಟ್ಕೊಳ್ತವೆ, ಬೆಳಕಿಗೆ ಅಂಟಿದ್ದು ಯಾರು ಅಂತ ಗೊತ್ತಾಗಲ್ಲ, ಏನೋ ಅಂಟಿತು ಅಂತಷ್ಟೇ ಗೊತ್ತಾಗೋದು. ಇನ್ನೊಂದು ತೊಂದರೆ ಯಾರೂ ಜಾಸ್ತಿ ಹೇಳಲ್ಲ: ಸೆನ್ಸರ್ ಚಿಕ್ಕದಾದಷ್ಟೂ ವೈರಸ್ ಅಲೆದಾಡ್ಕೊಂಡು ಬಂದು ಅದಕ್ಕೇ ತಗುಲೋದು ಕಷ್ಟ, ತುಂಗೆಗೆ ಒಂದೇ ಗಾಳ ಹಾಕಿ ಒಂದೇ ಮೀನಿಗೆ ಕಾದ ಹಾಗೆ. ಹಾಗಾಗಿ ಪೇಪರ್‌ನಲ್ಲಿ "ಒಂದೇ ವೈರಸ್ ಪತ್ತೆ" ಅಂತ ಓದಿದಾಗೆಲ್ಲ ನಾನು ಮೊದಲು ಹುಡುಕೋದು ಅವರು ಹಾಕಿದ್ದು ರಕ್ತಾನಾ ನೀರಾ ಅಂತ.

ನಿಮಗೆ ಹತ್ತಿರದ ದಾರಿ ನನ್ನ ಪ್ರಕಾರ ಟ್ರೂನ್ಯಾಟ್ ಅನ್ನೋ ಪುಟ್ಟ ಟೆಸ್ಟ್ ಮಷಿನ್. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದು, ಬ್ಯಾಟರಿಯಲ್ಲಿ ಓಡತ್ತೆ, ಸುಮಾರು ಒಂದು ಗಂಟೆಯ ಕೆಲಸ, ಟಿಬಿಗೆ ಈಗಾಗಲೇ ತಾಲೂಕು ಮಟ್ಟದಲ್ಲಿ ಬಳಸ್ತಾರೆ. ಅದೇ ಮಷಿನ್ನಿಗೆ ಕೆಎಫ್‌ಡಿ (ಮಂಗನ ಕಾಯಿಲೆ) ಚಿಪ್ಪನ್ನ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು (ಎನ್‌ಐವಿ) ಪರೀಕ್ಷಿಸಿದಾರೆ. ಅದೂ ಬೆಳಕಲ್ಲೇ ಓದೋದು, ಆದ್ರೆ ಮೊದಲು ವೈರಸ್ಸಿನ ಜೀನ್‌ನ ನಕಲು ಮಾಡಿ ಮಾಡಿ ರಾಶಿ ಹಾಕ್ಕೊಳ್ಳತ್ತೆ, ಆಮೇಲೆ ನೋಡತ್ತೆ.

ಪ್ರಶ್ನೆ: ಹಾಗಾದ್ರೆ ಬಳಸಿದ ಕಿಟ್‌ಗಳಿಂದ ಚಿನ್ನ ತೆಗೀಬಹುದಾ? (ಅಕ್ಕಸಾಲಿ, ದಾವಣಗೆರೆ)

ಉತ್ತರ: ಈ ಪ್ರಶ್ನೆ ಬಂದೇ ಬರತ್ತೆ ಅಂತ ಗೊತ್ತಿತ್ತು! ಒಂದು ಸ್ಟ್ರಿಪ್ಪಿನಲ್ಲಿ ಐದು ಮೈಕ್ರೋಗ್ರಾಂ ಅಂತಲೇ ಇಟ್ಕೊಳ್ಳಿ, ಒಂದು ಗ್ರಾಂಗೆ ಎರಡು ಲಕ್ಷ ಸ್ಟ್ರಿಪ್ ಬೇಕು, ಎಲ್ಲದರಲ್ಲೂ ಯಾರದೋ ರಕ್ತ. ಬೇಡ ಸ್ವಾಮಿ.