91ನೆಯ ಕೀರ್ತನೆ ಹೇಳಿ ಕಳಿಸಿದೆ

ಈ ಪ್ರಕರಣವನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಇದು ಒಬ್ಬರ ಕಥೆಯಾಗಿ ಉಳಿದಿಲ್ಲ ಅನ್ನುವ ಕಾರಣಕ್ಕೆ ಬರೆಯುತ್ತಿದ್ದೇನೆ. ಚರ್ಚಿನ ಸಭೆ ಬೇರೆ, ಮನೆ ಬೇರೆ, ನೋವು ಬೇರೆ, ಆಪ್ತಸಮಾಲೋಚನೆಗೆ ಬಂದು ನನ್ನೆದುರು ಕೂತವರು ಹೇಳುವ ಮಾತು ಮಾತ್ರ ಒಂದೇ: "ನಾನು ಒಳ್ಳೆಯದನ್ನೇ ಬಯಸಿದ್ದೆ." ಮಾತ್ರೆ ಬಿಟ್ಟು ಉಪವಾಸ ಪ್ರಾರ್ಥನೆ ಮಾಡು ಎಂದು ಖಿನ್ನತೆಯಲ್ಲಿದ್ದ ಮಗನಿಗೆ ಹೇಳಿದ ತಂದೆ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಹೊರಗೆ ಗೊತ್ತಾದರೆ ಕರ್ತನ ಹೆಸರಿಗೆ ಕಳಂಕ ಎಂದು ತಾಯಿಯ ಬಾಯಿ ಮುಚ್ಚಿಸಿದ ಸಭಾ ಹಿರಿಯರು. ಇವರು ಕಪಟಿಗಳಲ್ಲ. ಬೆಳಗಿನ ಜಾವ ಎದ್ದು ಮೊಣಕಾಲೂರುವವರು, ಇಲ್ಲದವರಿಗೆ ತಮ್ಮ ತಟ್ಟೆಯಿಂದ ತೆಗೆದು ಕೊಡುವವರು. ನಾನೂ ವಿಶ್ವಾಸಿಯೇ. ಹೊರಗೆ ನಿಂತು ಬೆರಳು ತೋರಿಸಲು ಇದನ್ನು ಬರೆಯುತ್ತಿಲ್ಲ.

ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ, ಈ ಪ್ರಕರಣದ ಹಿರಿಯ ಮಹಿಳೆಯ ಒಪ್ಪಿಗೆಯನ್ನೂ ಪಡೆದಿದ್ದೇನೆ. ವಯಸ್ಸು ಅರವತ್ತರ ಹತ್ತಿರ. ಸಭೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟವನ್ನು ಇಪ್ಪತ್ತು ವರ್ಷಕ್ಕೂ ಮೀರಿ ನಡೆಸಿದವರು. ಆ ಕೂಟಕ್ಕೆ ಬರುತ್ತಿದ್ದ ಒಬ್ಬ ಹುಡುಗಿಗೆ ಗಂಡ ಹೊಡೆಯುತ್ತಿದ್ದ. ಅವನೂ ಅದೇ ಸಭೆಯ ಗಾಯನ ತಂಡದಲ್ಲಿದ್ದವನು. ಹುಡುಗಿ ಮೂರು ಸಲ ಇವರ ಬಳಿ ಹೇಳಿಕೊಂಡಳು, ಮೂರು ಸಲವೂ ಇವರು ಸಮಾಧಾನ ಹೇಳಿ ವಾಪಸು ಕಳಿಸಿದರು. ಮೂರನೆಯ ಸಲ ಹೋದ ಕೆಲವೇ ವಾರಗಳಲ್ಲಿ ಅವಳು ಆಸ್ಪತ್ರೆ ಸೇರಿದಳು. ಜೀವ ಉಳಿಯಿತು. ಒಂದು ಕಿವಿಯ ಶ್ರವಣಶಕ್ತಿ ಹೋಯಿತು. ಈಗ ಅವಳು ಆ ಮನೆಯಲ್ಲೂ ಇಲ್ಲ, ಸಭೆಗೂ ಬರುವುದಿಲ್ಲ.

ಇವರು ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಪ್ರಾರ್ಥನೆಗೆ ಕೂತರೆ ಬಾಯಿ ತೆರೆಯುತ್ತದೆ, ಮಾತು ಹೊರಡುವುದಿಲ್ಲ ಎಂದರು. ಸಭಾಪಾಲಕರು, ಗಂಡ, ಕೂಟದ ಹೆಂಗಸರು ಎಲ್ಲರೂ ಸಮಾಧಾನ ಮಾಡಿದ್ದರು: ದೇವರು ಹೃದಯವನ್ನು ನೋಡುತ್ತಾನೆ, ನಿಮ್ಮ ಉದ್ದೇಶ ಒಳ್ಳೆಯದೇ ಇತ್ತು. ಆ ಸಮಾಧಾನ ಆಕೆಗೆ ಒಂದು ರಾತ್ರಿಯ ನಿದ್ದೆಯನ್ನೂ ಕೊಟ್ಟಿರಲಿಲ್ಲ. ಮೊದಲ ಎರಡು ಭೇಟಿಗಳಲ್ಲಿ ಆಕೆ ತನಗೆ ತಾನೇ ಶಿಕ್ಷೆ ವಿಧಿಸಿಕೊಳ್ಳುತ್ತಿದ್ದರು, ಮರುಕ್ಷಣ ತನ್ನ ಪರವಾಗಿ ತಾನೇ ವಾದಿಸುತ್ತಿದ್ದರು. ನಾನು ಹೆಚ್ಚು ಮಾತಾಡಲಿಲ್ಲ.

ಮೂರನೆಯ ಭೇಟಿಯಲ್ಲಿ ಒಂದು ಹಾಳೆ ಕೊಟ್ಟೆ. "ಅವಳು ಕೊನೆಯ ಸಲ ಫೋನ್ ಮಾಡಿದಾಗ ನೀವಿಬ್ಬರೂ ಆಡಿದ ಮಾತನ್ನು ನೆನಪಿದ್ದಷ್ಟು ಬರೆಯಿರಿ. ಸಾರಾಂಶ ಬೇಡ ಅಮ್ಮ, ಆಡಿದ ಮಾತೇ ಬೇಕು" ಎಂದೆ.

ಆಕೆ ಬಹಳ ಹೊತ್ತು ಬರೆದರು. ಹಾಳೆ ತಿರುಗಿಸಿ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಳತೆ. ಇವರ ಮಾತು ಹಾಳೆ ತುಂಬ ಇತ್ತು. ಹುಡುಗಿಯದು ಒಂದೇ ಸಾಲು, ಅದೂ ಅರ್ಧ: "ಆಂಟಿ, ನಿನ್ನೆ ರಾತ್ರಿ ಇವರು ನನ್ನ ಕತ್ತು..."

"ಮುಂದೆ ಏನಂದಳು?"

ಆಕೆ ಹಾಳೆಯನ್ನೇ ನೋಡುತ್ತಿದ್ದರು. "ಗೊತ್ತಿಲ್ಲ ಮೇಡಂ. ಅಷ್ಟರಲ್ಲಿ ನಾನು ಪ್ರಾರ್ಥನೆ ಶುರು ಮಾಡಿಬಿಟ್ಟಿದ್ದೆ."

ಕತ್ತು ಹಿಸುಕಿದ್ದ ವಿಷಯ ಆಕೆಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಫೋನಿನಲ್ಲಿ ಆ ಹುಡುಗಿ ಅದನ್ನು ಹೇಳಲು ಹೊರಟಿದ್ದಳು. ಇವರ ಪ್ರಾರ್ಥನೆ ಅವಳ ಮಾತನ್ನು ನುಂಗಿತು. ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಲೇಬೇಕು. ಗಂಡ ಒಮ್ಮೆ ಕತ್ತು ಹಿಸುಕಿದ್ದರೆ ಅದು ಬರೀ ಇನ್ನೊಂದು ಏಟಲ್ಲ. ಮುಂದೊಂದು ದಿನ ಆ ಮನೆಯಲ್ಲಿ ಕೊಲೆ ನಡೆಯಬಹುದು ಎಂಬುದಕ್ಕೆ ಸಂಶೋಧಕರು ಗುರುತಿಸಿರುವ ಅತ್ಯಂತ ಗಟ್ಟಿಯಾದ ಸೂಚನೆಗಳಲ್ಲಿ ಅದೂ ಒಂದು. ಹೊರಗೆ ಗುರುತು ಕಾಣದೇ ಇರಬಹುದು. ಆ ಅರ್ಧ ಸಾಲನ್ನು ಪೂರ್ತಿ ಕೇಳಿಸಿಕೊಂಡವರು ಯಾರೇ ಆಗಲಿ, ಆ ರಾತ್ರಿ ಅವಳನ್ನು ಆ ಮನೆಗೆ ಕಳಿಸಬಾರದು.

ಪ್ರಾರ್ಥನೆಯ ನಂತರ ಇವರು ಹೇಳಿದ ಮಾತೂ ಹಾಳೆಯಲ್ಲಿತ್ತು: "ಮನೆಗೆ ಹೋಗು ಮಗಳೇ, ಹೆದರಬೇಡ. ನಿನ್ನನ್ನು ಕಾಯುವುದಕ್ಕೆ ಆತನು ತನ್ನ ದೂತರಿಗೆ ಅಪ್ಪಣೆ ಕೊಟ್ಟಿದ್ದಾನೆ. ನಿನ್ನ ಕಾಲು ಕಲ್ಲಿಗೆ ತಗಲದಂತೆ ಅವರು ನಿನ್ನನ್ನು ಎತ್ತಿಕೊಳ್ಳುತ್ತಾರೆ." ಸತ್ಯವೇದದ, ಅಂದರೆ ಬೈಬಲಿನ, 91ನೆಯ ಕೀರ್ತನೆ. ವಿಶ್ವಾಸಿಗಳ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಬಾಯಿಪಾಠವಾದ ವಾಕ್ಯಗಳು ಕಡಿಮೆ.

ನಾನು ಕೇಳಿದೆ: "ಈ ವಾಕ್ಯವನ್ನು ಸತ್ಯವೇದದಲ್ಲೇ ಇನ್ನೊಬ್ಬರು ಯಾರಿಗೋ ಹೇಳುತ್ತಾರೆ. ನೆನಪಿದೆಯಾ ಅಮ್ಮ?"

ಸತ್ಯವೇದ ಆಕೆಗೆ ಕಂಠಪಾಠ. ಉತ್ತರ ಹೊಳೆದದ್ದು ಮುಖದಲ್ಲೇ ಕಂಡಿತು, ಬಾಯಿಗೆ ಬರಲು ಮಾತ್ರ ಬಹಳ ಹೊತ್ತು ಹಿಡಿಯಿತು. "ಮತ್ತಾಯ 4," ಎಂದರು. "ದೇವಾಲಯದ ತುದಿಯ ಮೇಲೆ. ಕೆಳಗೆ ಧುಮುಕು ಅಂದವನು." ಯೇಸುವನ್ನು ಪರೀಕ್ಷಿಸಿದ ಸೈತಾನನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಾಗಾದರೆ ಆವತ್ತು ನಾನು ಯಾರ ಮಾತು ಆಡಿದೆ ಮೇಡಂ?" ಎಂದು ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ.

ಆ ಪ್ರಶ್ನೆ ಕೇಳಿದ್ದು ಕ್ರೂರವಾಯಿತು ಎಂದು ಇದೇ ಕೆಲಸದಲ್ಲಿರುವ ನನ್ನ ಹಿರಿಯರೊಬ್ಬರು ಹೇಳಿದರು. ಅಪರಾಧಿ ಭಾವದಲ್ಲಿ ಬೇಯುತ್ತಿದ್ದವರ ಮೇಲೆ ಇನ್ನೊಂದು ಕೆಂಡ ಹಾಕಿದೆ ಎಂದರು. ಆ ಮಾತು ನನ್ನನ್ನು ಬಹಳ ಕಾಡಿದೆ. ಆದರೂ ನನ್ನ ನಿಲುವು ಬದಲಾಗಿಲ್ಲ. ಆಕೆಯ ಒಳಗೆ ಅದಾಗಲೇ ಹೊತ್ತಿದ್ದ ಪ್ರಶ್ನೆ ಅದು; ಎಲ್ಲರೂ ಅದರ ಮೇಲೆ ಬೂದಿ ಮುಚ್ಚುತ್ತಿದ್ದರು. ಬೂದಿ ಮುಚ್ಚಿದ ಕೆಂಡ ಆರುವುದಿಲ್ಲ. ಉದ್ದೇಶ ಒಳ್ಳೆಯದಿತ್ತು ಎಂಬ ಸಮಾಧಾನದಲ್ಲಿ ಇನ್ನೊಂದು ಅಪಾಯವಿದೆ: ಅದು ಮುಂದಿನ ಹುಡುಗಿಗೂ ಅದೇ ಸಲಹೆ ಕೊಡಲು ದಾರಿ ತೆರೆದಿಡುತ್ತದೆ. ನನ್ನ ಕೋಣೆಗೆ ಬಂದವರ ನೋವಿನಷ್ಟೇ, ಅವರ ಮಾತು ಕೇಳಿ ಮನೆಗೆ ಮರಳುವವರ ಜೀವವೂ ನನ್ನ ಜವಾಬ್ದಾರಿ ಎಂದು ನಾನು ನಂಬುತ್ತೇನೆ.

ಅದೇ ಭೇಟಿಯಲ್ಲಿ ಆಕೆ ಒಂದು ವಾದ ಎತ್ತಿದರು. ಗಟ್ಟಿಯಾದ ವಾದವೇ. "ಶಿಷ್ಯರು ಶಿಲುಬೆ ಹೊರಬೇಕಲ್ಲವೇ? ಯೇಸು ಪೇತ್ರನನ್ನು ಸೈತಾನ ಅಂದದ್ದು ಕಷ್ಟ ಬೇಡ ಅಂದದ್ದಕ್ಕಲ್ಲವೇ? ನಾನು ಕಷ್ಟ ಸಹಿಸಿಕೋ ಅಂದೆ. ಪೇತ್ರನಿಗೆ ವಿರುದ್ಧವಾದದ್ದನ್ನೇ ಹೇಳಿದೆ."

ಮತ್ತಾಯನ 16ನೆಯ ಅಧ್ಯಾಯವನ್ನು ಇಬ್ಬರೂ ತೆರೆದು ಓದಿದೆವು. 17ನೆಯ ವಚನದಲ್ಲಿ ಪೇತ್ರ ಧನ್ಯ. 23ನೆಯದರಲ್ಲಿ ಅದೇ ಪೇತ್ರನಿಗೆ ಸೈತಾನನೆಂಬ ಹೆಸರು. ನಡುವೆ ಅವನು ಪ್ರೀತಿ ಬಿಟ್ಟಿರಲಿಲ್ಲ, ವಿಶ್ವಾಸ ಬಿಟ್ಟಿರಲಿಲ್ಲ. ಯೇಸುವಿನ ಮೇಲಿನ ಪ್ರೀತಿಯಿಂದಲೇ ಆ ಮಾತು ಆಡಿದ. ಪ್ರಾಮಾಣಿಕತೆ ಒಬ್ಬನನ್ನು ಕಾಯುವುದಿಲ್ಲ ಎಂದು ಅಲ್ಲೇ ತೋರುತ್ತದೆ. ಇನ್ನು ಶಿಲುಬೆಯ ವಿಷಯಕ್ಕೆ ಬಂದರೆ, ಯೇಸು ತನ್ನ ಶಿಲುಬೆಯನ್ನು ತಾನೇ ಒಪ್ಪಿಕೊಂಡ. ನಿಮ್ಮ ನಿಮ್ಮ ಶಿಲುಬೆ ಹೊರಿರಿ ಎಂದು ಶಿಷ್ಯರಿಗೂ ಹೇಳಿದ. ಆದರೆ ಆ ಕಥೆಯಲ್ಲಿ ಶಿಲುಬೆಯನ್ನು ಬೇರೆಯವರ ಹೆಗಲಿಗೆ ಹೊರಿಸಿದವರು ಯಾರು? ಹೊಲದಿಂದ ಬರುತ್ತಿದ್ದ ಕುರೇನ್ಯದ ಸೀಮೋನನನ್ನು ಹಿಡಿದವರು ಸೈನಿಕರು. ಇನ್ನೊಬ್ಬಳ ಮೈಮೇಲೆ ಬೀಳುವ ಏಟನ್ನು ಶಿಲುಬೆ ಎಂದು ಕರೆಯುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಅವಳು ತನ್ನ ನೋವಿನಲ್ಲಿ ದೇವರನ್ನು ಹೇಗೆ ಕಂಡುಕೊಳ್ಳುತ್ತಾಳೋ ಅದು ಅವಳಿಗೆ ಬಿಟ್ಟದ್ದು.

ಮತ್ತೆ ಮತ್ತೆ ಎದುರಾಗುವ ಇನ್ನೊಂದು ಗೊಂದಲ, ಕ್ಷಮಿಸುವುದೆಂದರೆ ಮರಳಿ ಹೋಗುವುದು ಎಂಬುದು. ನನ್ನ ಮೇಲೆ ಬಂದಿರುವ ದೂರುಗಳಲ್ಲಿ ಹೆಚ್ಚಿನವು ಇದಕ್ಕೇ ಸಂಬಂಧಿಸಿದವು: ಲೋಕದ ಸಲಹೆ ಕೊಡುತ್ತಾಳೆ, ಸಂಸಾರ ಒಡೆಯುತ್ತಾಳೆ, ಎಪ್ಪತ್ತೇಳು ಸಲ ಕ್ಷಮಿಸು ಎಂಬುದನ್ನು ಮರೆತಿದ್ದಾಳೆ. ಅವರಿಗೆ ನಾನು ದಾವೀದನನ್ನು ತೋರಿಸುತ್ತೇನೆ. ಅರಸ ಸೌಲನು ಕೊಲ್ಲಲು ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಆ ರಾತ್ರಿಯೇ ಓಡಿಹೋದ. ಮುಂದೆ ಎರಡು ಸಲ ಸೌಲನ ಜೀವ ಅವನ ಕೈಗೆ ಸಿಕ್ಕಿದಾಗಲೂ ಮುಟ್ಟಲಿಲ್ಲ. ಇದಕ್ಕಿಂತ ದೊಡ್ಡ ಕ್ಷಮೆ ಬೇಕೆ? 1 ಸಮುವೇಲ 26ರಲ್ಲಿ ಸೌಲ ಕರೆಯುತ್ತಾನೆ: ತಪ್ಪು ಮಾಡಿದೆ ಮಗನೇ, ಹಿಂದಿರುಗಿ ಬಾ, ಇನ್ನು ಕೇಡು ಮಾಡುವುದಿಲ್ಲ. ದಾವೀದ ಏನು ಮಾಡಿದ? ಮಲಗಿದ್ದ ಸೌಲನ ಬಳಿಯಿಂದ ತಾನು ತಂದಿದ್ದ ಈಟಿಯನ್ನು ತೆಗೆದುಕೊಂಡು ಹೋಗಲು ಒಬ್ಬ ಆಳನ್ನು ಕಳಿಸು ಎಂದ. ತಾನು ಹತ್ತಿರ ಹೋಗಲಿಲ್ಲ. ತನ್ನ ದಾರಿ ಹಿಡಿದು ಹೊರಟುಹೋದ. ಕ್ಷಮೆ ಅವನ ಹೃದಯದಲ್ಲಿತ್ತು, ಅವನ ದೇಹ ಈಟಿಗೆ ಎಟುಕದಷ್ಟು ದೂರದಲ್ಲಿತ್ತು. ಹೊಡೆದವನು ಮಾರನೆಯ ದಿನ ಕಾಲಿಗೆ ಬಿದ್ದು ಅಳುವುದೂ ಈ ಹಿಂಸೆಯ ಸುತ್ತಿನ ಒಂದು ಭಾಗವೇ. ಆ ಕಣ್ಣೀರನ್ನೇ ಪಶ್ಚಾತ್ತಾಪವೆಂದು ಸಭೆ ನಂಬಿ ಹೆಣ್ಣನ್ನು ವಾಪಸು ಕಳಿಸುತ್ತದೆ. ಜಗತ್ತಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಣ್ಣು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಇಲ್ಲವೇ ಲೈಂಗಿಕ ಹಿಂಸೆಗೆ ಒಳಗಾಗುತ್ತಾಳೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಮ್ಮ ಆರಾಧನೆಯಲ್ಲಿ ಕೂತವರಲ್ಲಿ ಅಂಥವರು ಇಲ್ಲವೆಂದು ಭಾವಿಸುವುದು ಹೇಗೆ? ದೇವರು ವಿವಾಹ ವಿಚ್ಛೇದನವನ್ನು ದ್ವೇಷಿಸುತ್ತಾನೆ ಎಂದು ಮಲಾಕಿಯ 2:16ನ್ನು ಎತ್ತಿ ಹೇಳುವವರು ಅದೇ ವಚನವನ್ನು ಕೊನೆಯವರೆಗೆ ಓದಬೇಕು. ಹಿಂಸೆಯ ಮಾತು ಅಲ್ಲೇ ಇದೆ.

ಆಕೆಗೆ ನಾನು ಕೊಟ್ಟ ಸಲಹೆಗೆ ಬರುತ್ತೇನೆ. ಕ್ಷಮೆ ಕೇಳಲು ಆ ಹುಡುಗಿಯ ಮನೆಬಾಗಿಲಿಗೆ ಹೋಗಬೇಡಿ ಎಂದೆ. ಆಕೆಗೆ ಆಶ್ಚರ್ಯವಾಯಿತು; ಕಾಲು ಹಿಡಿದು ಅಳಬೇಕೆಂದು ಸಿದ್ಧರಾಗಿದ್ದರು. ಆದರೆ ಹಿರಿಯಳೊಬ್ಬಳು ಬಾಗಿಲಲ್ಲಿ ನಿಂತು ಅತ್ತರೆ ಆ ಹುಡುಗಿ ಮತ್ತೆ ಇನ್ನೊಬ್ಬರನ್ನು ಸಮಾಧಾನ ಮಾಡಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ "ಪರವಾಗಿಲ್ಲ ಆಂಟಿ" ಅನ್ನಬೇಕಾಗುತ್ತದೆ. ಅವಳಿಂದ ಇನ್ನು ಏನನ್ನೂ ಕೇಳಬಾರದು, ಕ್ಷಮೆಯನ್ನೂ. ಒಂದು ಪತ್ರ ಬರೆಯಿರಿ, ಅವಳ ತಾಯಿಯ ಮೂಲಕ ಕಳಿಸಿ, ಓದುವುದೂ ಬಿಡುವುದೂ ಅವಳ ಇಷ್ಟ ಎಂದು ತಿಳಿಸಿ ಎಂದೆ. ಎರಡನೆಯದಾಗಿ, ಸಲಹೆ ಕೊಟ್ಟದ್ದು ಕೂಟದಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ತಪ್ಪು ಒಪ್ಪಿಕೊಳ್ಳುವುದೂ ಅದೇ ಕೂಟದ ಮುಂದೆ ಆಗಬೇಕು. ಅಲ್ಲಿ ಬಾಯಿ ಮುಚ್ಚಿ ಕೂತಿರುವ ಇನ್ನೊಬ್ಬಳು ಇರಬಹುದು. ಪೊಲೀಸರು ಕೇಳಿದರೆ ಆ ಮೂರು ಸಲದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮತ್ತು ಒಂದು ವರ್ಷ ಯಾರಿಗೂ ಸಲಹೆ ಹೇಳಬಾರದು. ಯಾರಾದರೂ ಕಷ್ಟ ಹೇಳಿಕೊಂಡರೆ ಕಣ್ಣು ತೆರೆದು, ಮುಖ ನೋಡುತ್ತ, ಅವರು ತಾವಾಗಿ ನಿಲ್ಲಿಸುವವರೆಗೆ ಕೇಳಬೇಕು. ಪ್ರಾರ್ಥನೆ ಆಮೇಲೆ, ಅದೂ ಅವರು ಬಯಸಿದರೆ.

ಕೂಟದ ಮುಂದೆ ಆಡುವ ಮಾತನ್ನು ಆಕೆ ಮೊದಲು ನನಗೆ ಓದಿ ತೋರಿಸಿದರು. "ಸೈತಾನ ನನ್ನನ್ನು ಮೋಸಗೊಳಿಸಿದ" ಎಂದು ಶುರುವಾಗಿತ್ತು. ನಾನು ಆ ಸಾಲನ್ನು ತೆಗೆಯಲು ಹೇಳಿದೆ. ಸೈತಾನನಿಲ್ಲ ಎಂದಲ್ಲ. 1692ರಲ್ಲಿ ಇಂದಿನ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರೆಂದು 19 ಜನರನ್ನು ಗಲ್ಲಿಗೇರಿಸಿದರು. ಸಾಕ್ಷಿ ಹೇಳಿದವರೂ ತೀರ್ಪು ಕೊಟ್ಟವರೂ ಸೈತಾನನ ವಿರುದ್ಧ ಹೋರಾಡುತ್ತಿದ್ದೇವೆಂದು ನಂಬಿದ್ದ ಕ್ರೈಸ್ತರು. ಆಗ ಸಾಕ್ಷಿ ಹೇಳಿದ್ದ ಬಾಲಕಿಯರಲ್ಲಿ ಒಬ್ಬಳಾದ ಆನ್ ಪುಟ್ನಮ್ 1706ರಲ್ಲಿ ಸಭೆಯ ಮುಂದೆ ನಿಂತು ಕ್ಷಮೆ ಕೇಳಿದಳು. ಅದು ಸೈತಾನನ ದೊಡ್ಡ ವಂಚನೆಯಾಗಿತ್ತು ಎಂದಳು. ಅವಳಿಗಿಂತ ಮೊದಲು, 1697ರಲ್ಲಿ, ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಸ್ಯೂವಲ್ ಬಾಸ್ಟನ್ನಿನ ಸಭೆಯಲ್ಲಿ ಎದ್ದು ನಿಂತ. ಬೋಧಕರು ಅವನ ಚೀಟಿಯನ್ನು ಓದಿದರು: ಇದರ ದೋಷವನ್ನೂ ನಾಚಿಕೆಯನ್ನೂ ತಾನು ಹೊತ್ತುಕೊಳ್ಳುತ್ತೇನೆ ಎಂದು. ಸಾಕ್ಷಿ ಹೇಳಿದಾಗ ಆನ್ ಇನ್ನೂ ಮಗು. ಅವಳ ಮಾತಿಗೆ ನನ್ನ ತಕರಾರಿಲ್ಲ. ಆದರೆ ದೊಡ್ಡವರಿಗೆ ನಾನು ಸ್ಯೂವಲ್‌ನ ಚೀಟಿಯನ್ನೇ ಮುಂದಿಡುತ್ತೇನೆ. ನಿಮ್ಮನ್ನು ಕೊಲ್ಲುವವನು ತಾನು ದೇವರಿಗೆ ಸೇವೆ ಸಲ್ಲಿಸುತ್ತಿದ್ದೇನೆಂದು ಭಾವಿಸುವ ಕಾಲ ಬರುತ್ತದೆ ಎಂದು ಯೋಹಾನ 16ರಲ್ಲಿ ಯೇಸು ಹೇಳುವಾಗ, ಅಂಥವನು ಸುಳ್ಳಾಡುತ್ತಾನೆ ಅನ್ನುವುದಿಲ್ಲ. ಅವನು ನಿಜವಾಗಿಯೂ ಹಾಗೆ ಭಾವಿಸುತ್ತಾನೆ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ ಪೌಲನೂ ಹಾಗೆಯೇ ಭಾವಿಸಿದ್ದ. ತಿಳಿಯದೆ ಮಾಡಿದೆ ಎಂದು ಅವನು ತಿಮೊಥೆಯನಿಗೆ ಬರೆಯುತ್ತಾನೆ, ಆದರೆ ಅದೇ ಉಸಿರಿನಲ್ಲಿ ಪಾಪಿಗಳಲ್ಲಿ ನಾನೇ ಮುಖ್ಯನು ಅನ್ನುತ್ತಾನೆ. ತಿಳಿಯಲಿಲ್ಲ ಎಂಬುದು ಅವನಿಗೆ ಕರುಣೆ ಸಿಕ್ಕಲು ಕಾರಣವಾಯಿತು, ಹೊಣೆಯಿಂದ ಜಾರಿಕೊಳ್ಳಲು ಅಲ್ಲ.

ಆಕೆ ಸಾಲನ್ನು ಬದಲಿಸಿದರು: "ಅವಳು ಹೇಳುತ್ತಿದ್ದಳು. ನಾನು ಕೇಳಲಿಲ್ಲ." ಕೂಟದಲ್ಲಿ ಅಷ್ಟನ್ನೇ ಓದಿ ಕೂತರಂತೆ. ಕೆಲವರು ಕಣ್ಣೀರು ಹಾಕಿದರು. ಇಬ್ಬರು ಕೂಟವನ್ನೇ ಬಿಟ್ಟರು. ಸಭೆಯ ಹಿರಿಯರೊಬ್ಬರು ಇದೆಲ್ಲ ಬಹಿರಂಗವಾಗಿ ಬೇಕಿರಲಿಲ್ಲ ಎಂದು ನನಗೇ ಫೋನ್ ಮಾಡಿದರು. ಗಾಯನ ತಂಡದಿಂದ ಆ ಗಂಡನನ್ನು ಇಳಿಸಿದ್ದೀರಾ ಎಂದು ಕೇಳಿದೆ. ಆ ಮಾತು ಮುಂದುವರಿಯಲಿಲ್ಲ.

ಪತ್ರ ಹೋಗಿ ಏಳು ತಿಂಗಳಾಯಿತು. ಉತ್ತರ ಬಂದಿಲ್ಲ. ಕಳೆದ ಭೇಟಿಯಲ್ಲಿ ಆಕೆ, ತಾಯಿಯಾದರೂ ಅದನ್ನು ಕೊಟ್ಟಿದ್ದಾಳೋ ಇಲ್ಲವೋ ಒಮ್ಮೆ ವಿಚಾರಿಸಲೇ ಎಂದು ಕೇಳಿದರು. ಬೇಡ ಎಂದೆ. ತಲೆಯಾಡಿಸಿದರು. ಪ್ರಾರ್ಥನೆಗೆ ಈಗ ಮಾತು ಬರುತ್ತದೆಯೇ ಎಂದು ವಿಚಾರಿಸಿದೆ. "ಇನ್ನೂ ಇಲ್ಲ ಮೇಡಂ," ಎಂದರು. "ಸುಮ್ಮನೆ ಕೂರುತ್ತೇನೆ. ಅವಳ ಆ ಅರ್ಧ ಸಾಲು ಕೇಳಿಸುತ್ತದೆ. ಈಗ ನಾನು ಅದರ ನಡುವೆ ಮಾತಾಡುವುದಿಲ್ಲ."