ಅರ್ಥ ಆಗಿತ್ತು, ಬರೆಯೋಕೆ ಧೈರ್ಯ ಇರಲಿಲ್ಲ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿ. ಗಣಿತ, ವಿಜ್ಞಾನಕ್ಕೆ ತೊಂದರೆಯಿಲ್ಲ. ಇಂಗ್ಲಿಷಿನಲ್ಲೂ ಪಾಠದ ಪ್ರಶ್ನೋತ್ತರಗಳನ್ನು ಗೈಡ್ ನೋಡಿ ಬಾಯಿಪಾಠ ಮಾಡಿ ಹೇಗೋ ಬರೆಯುತ್ತಾನೆ. ಪುಸ್ತಕದಲ್ಲಿಲ್ಲದ ಪ್ಯಾರಾ ಕೊಟ್ಟು ಪ್ರಶ್ನೆ ಕೇಳಿದರೆ ಮಾತ್ರ ಕೈ ಬೆವರುತ್ತದೆ, ಜಾಗ ಖಾಲಿ ಬಿಟ್ಟು ಬರುತ್ತಾನೆ. "ಇವ್ನಿಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಮೇಡಂ" ಅಂತ, ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದ ಅಪ್ಪ ಅವನ ಎದುರಿಗೇ ಹೇಳಿದರು. ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಸಂಪಾದಕೀಯ ಜೋರಾಗಿ ಓದಿಸುತ್ತಾರಂತೆ. ಅದು ದೊಡ್ಡವರಿಗೇ ಅರ್ಧಂಬರ್ಧ ಅರ್ಥವಾಗೋದು, ಅಲ್ವಾ?

ಅಪ್ಪನನ್ನು ಹೊರಗೆ ಕೂರಿಸಿ ಹುಡುಗನಿಗೆ ಒಂದು ಸಣ್ಣ ಪ್ಯಾರಾ ಕೊಟ್ಟೆ. ಬಸ್ಸಿನಲ್ಲಿ ಯಾರೋ ಮರೆತುಹೋದ ಬ್ಯಾಗು, ಒಳಗೆ ಆಸ್ಪತ್ರೆ ಚೀಟಿ, ಅದನ್ನು ನೋಡಿ ಕಂಡಕ್ಟರ್ ಬಸ್ ಸ್ಟ್ಯಾಂಡಿಗೆ ವಾಪಸ್ ಹೋಗುತ್ತಾನೆ. ಹುಡುಗ ಪೆನ್ಸಿಲ್ ತೆಗೆದು ಪ್ರತಿ ಪದದ ತಲೆಯ ಮೇಲೂ ಕನ್ನಡ ಅರ್ಥ ಬರೆಯೋಕೆ ಶುರುಮಾಡಿದ. ಮೂರನೇ ಸಾಲಿಗೆ ಒಂದು ಗೊತ್ತಿಲ್ಲದ ಪದ ಬಂತು, ಅಲ್ಲೇ ನಿಂತುಬಿಟ್ಟ. ಆಮೇಲೆ 'ಕಂಡಕ್ಟರ್ ವಾಪಸ್ ಹೋಗಿದ್ದು ಯಾಕೆ?' ಅನ್ನೋ ಪ್ರಶ್ನೆಗೆ, ಪ್ಯಾರಾದಲ್ಲಿ ಬಸ್ ಸ್ಟ್ಯಾಂಡ್ ಅಂತ ಎಲ್ಲಿ ಕಂಡಿತೋ ಆ ಸಾಲನ್ನು ಇದ್ದಂಗೇ ಇಳಿಸಿದ. ಅದೇ ಪ್ರಶ್ನೆ ಕನ್ನಡದಲ್ಲಿ ಕೇಳಿದೆ. "ಬ್ಯಾಗಲ್ಲಿ ಆಸ್ಪತ್ರೆ ಚೀಟಿ ಇತ್ತಲ್ಲ ಮೇಡಂ, ಪಾಪ ಅವ್ರಿಗೆ ಬೇಕಾಗುತ್ತೆ ಅಂತ." ಎಲ್ಲಾ ಅರ್ಥವಾಗಿತ್ತು!

ಹಾಗಾಗಿ ಹೇಳಿದ್ದು ಇಷ್ಟು. ಪೆನ್ಸಿಲ್ ಕೆಳಗಿಡು. ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾರಾವನ್ನು ಎಲ್ಲೂ ನಿಲ್ಲದೆ ಕೊನೆತನಕ ಓದು, ಗೊತ್ತಿಲ್ಲದ ಪದ ಸುಮ್ನೆ ದಾಟಿಬಿಡು, ಎರಡನೇ ಸಲ ಓದುವಾಗ ಅರ್ಧ ಪದಗಳು ತಾವೇ ಬಿಟ್ಟುಕೊಡುತ್ತವೆ. 'ಯಾಕೆ' ಅಂತ ಕೇಳಿದ್ದರೆ 'ಬಿಕಾಸ್' ಆದಮೇಲೆ ನೋಡು, 'ಸೋ' ಇದ್ದರೆ ಅದರ ಹಿಂದೆ ನೋಡು. ಉತ್ತರ ಮನಸ್ಸಲ್ಲಿ ಕನ್ನಡದಲ್ಲಿ ಹೇಳಿಕೊಂಡು, ನಿನಗೆ ಬರೋ ಇಂಗ್ಲಿಷಲ್ಲೇ ಚಿಕ್ಕದಾಗಿ ಬರೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದೋಕೆ ಅಂತಲೇ 15 ನಿಮಿಷ ಕೊಡುತ್ತಾರೆ, ಆಗಲೇ ಈ ಪ್ಯಾರಾ ಒಂದು ಸಲ ಓದಿಬಿಡು.

ಅಪ್ಪನಿಗೆ ಬೇರೆ ಮಾತು. ಸಂಪಾದಕೀಯ ಬಿಡಿ, ಹಿಂದಿನ ರಾತ್ರಿ ಅವನೇ ನೋಡಿದ ಮ್ಯಾಚಿನ ಸುದ್ದಿ ಓದಲಿ. ಗೆದ್ದಿದ್ದು ಯಾರು, ಔಟಾಗಿದ್ದು ಹೇಗೆ ಅಂತ ಮೊದಲೇ ಗೊತ್ತಿರುತ್ತೆ, ಹೆದರಿಕೆ ಇರಲ್ಲ. ಮತ್ತೆ ಆ "ತಲೆಗೆ ಹತ್ತಲ್ಲ" ಅನ್ನೋದನ್ನು ಇವತ್ತಿಂದಲೇ ನಿಲ್ಲಿಸಿ. ಅವರಿಗೆ ಸ್ವಲ್ಪ ಸಿಟ್ಟು ಬಂತು, ಬರಲಿ.

ಪ್ರಿಪರೇಟರಿಯಲ್ಲಿ ಹುಡುಗ ಜಾಗ ಖಾಲಿ ಬಿಡಲಿಲ್ಲ. 'ಡಿಡ್' ಹಾಕಿ ಕೇಳಿದ ಪ್ರಶ್ನೆಗೆ 'ವೆಂಟ್' ಅನ್ನೋ ಬದಲು 'ಗೋ' ಅಂತಲೇ ಬರೆಯೋದು ಇನ್ನೂ ಹೋಗಿಲ್ಲ, ಅದಕ್ಕೆ ಶಾಲೆಯ ಇಂಗ್ಲಿಷ್ ಮೇಷ್ಟ್ರನ್ನೇ ಹಿಡಿದು ತಿದ್ದಿಸಿಕೋ ಅಂದಿದ್ದೇನೆ.